ಆಡಿದ ಆಟಕ್ಕೆ ಎಂಜಿನ್ ಹಚ್ಚುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಪಡಸಾಲೆಗೆ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಹುಡುಗರು ಚೆಸ್ ಆಡಲು ಬರುತ್ತಾರೆ. ಇಬ್ಬರು ಹುಬ್ಬಳ್ಳಿಯವರು, ತಿಂಗಳಿಗೊಮ್ಮೆ ಗದಗದಿಂದ ಒಬ್ಬಳು. ಹುಡುಗರಿಗಿಂತ ಹೆಚ್ಚು ಪ್ರಶ್ನೆ ಅವರನ್ನು ಕರೆದೊಯ್ಯಲು ಬಂದ ಅಪ್ಪ-ಅಮ್ಮಂದಿರದು, ಅದೂ ಚಪ್ಪಲಿ ಮೆಟ್ಟಿಕೊಳ್ಳುತ್ತ ಕೇಳುವಂಥದು. ಹೊಸ್ತಿಲಲ್ಲಿ ನಿಂತು ಅರ್ಧಮರ್ಧ ಹೇಳಿದ್ದನ್ನೇ ಇಲ್ಲಿ ಕೂತು ಪೂರ್ತಿ ಬರೆದಿದ್ದೇನೆ. ಕಾಯಿಗಳ ಹೆಸರು ನಮ್ಮವೇ: ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಪ್ಯಾದೆ. ರಾಜನ ಮೇಲೆ ಏಟು ಬಿದ್ದರೆ ಶಹ, ತಪ್ಪಿಸಿಕೊಳ್ಳಲಾಗದ ಶಹ ಮೇಟ್. ಮನೆಗಳ ಹೆಸರು ಡಿ1, ಎಚ್7 ಎಂಬಂತೆ: ಎಡದಿಂದ ಬಲಕ್ಕೆ ಎಯಿಂದ ಎಚ್, ಬಿಳಿಯ ಕಡೆಯಿಂದ ಮೇಲಕ್ಕೆ 1ರಿಂದ 8.

ಸರ, ಎಂಜಿನ್ ಅಂದ್ರ ಏನ್ರಿ? ಫೋನಿನ್ಯಾಗಿರೋ ಚೆಸ್ ಆ್ಯಪ್ ಅಂದ್ರ ಅದೇ ಅಲ್ಲೇನು?

ಅಲ್ಲ. ಆ್ಯಪ್ ಹಲಗೆ ತೋರಿಸುತ್ತದೆ, ಕಾಯಿ ಸರಿಸಲು ಬಿಡುತ್ತದೆ. ಯೋಚನೆ ಮಾಡುವುದು ಅದರ ಹಿಂದೆ ಕೂತ ಇನ್ನೊಂದು ಪ್ರೋಗ್ರಾಂ, ಅದೇ ಎಂಜಿನ್. ಇವೆರಡೂ ಪರಸ್ಪರ ಮಾತಾಡಿಕೊಳ್ಳಲು ಯುಸಿಐ ಎಂಬ ಒಪ್ಪಂದ 2000ರಲ್ಲಿ ಬಂತು. ಹಾಗಾಗಿ ಒಂದೇ ಎಂಜಿನ್ ಅನ್ನು ಬೇರೆ ಬೇರೆ ಆ್ಯಪಿಗೆ ಜೋಡಿಸಬಹುದು. ಗಾಡಿ ಯಾವುದಾದರೇನು, ಎತ್ತು ಅದೇ.

ಯಾವ ಎಂಜಿನ್ ಛಲೋ? ರೊಕ್ಕ ಕೊಟ್ಟು ತಗೋಬೇಕೇನ್ರಿ?

ಒಂದು ಪೈಸೆಯೂ ಬೇಡ. ಸ್ಟಾಕ್‌ಫಿಶ್ ಸಾಕು. 2008ರಿಂದ ಇದೆ, ಪುಕ್ಕಟೆ, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಹೆಸರಿನ ಅರ್ಥ ಒಣಮೀನು. ನಾರ್ವೆಯವನೊಬ್ಬ ಬರೆದ ಕೋಡನ್ನು ಇಟಲಿಯವನೊಬ್ಬ ತಿದ್ದಿ ಬೆಳೆಸಿದ. ಒಣಮೀನು ನಾರ್ವೆಯಲ್ಲಿ ತಯಾರಾಗಿ ಇಟಲಿಯಲ್ಲಿ ಅಡುಗೆಯಾಗುತ್ತದಲ್ಲ, ಅದಕ್ಕೆ ಆ ಹೆಸರು. ಇದನ್ನು ಹೇಳಿದ ದಿನ ನಮ್ಮ ತಾಯಿ ‘ಆ ಫೋನನ್ನ ದೇವರ ಮನೀ ಹತ್ರ ಇಡಬ್ಯಾಡ’ ಅಂದಿದ್ದಳು.

ಇನ್ನೊಂದು ಲೀಲಾ, 2018ರಲ್ಲಿ ಬಂದದ್ದು. ಕೋಟಿಗಟ್ಟಲೆ ಆಟಗಳನ್ನು ತನ್ನ ವಿರುದ್ಧ ತಾನೇ ಆಡಿ ಕಲಿತ ಎಂಜಿನ್. ಅದಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು, ನಮ್ಮ ಹುಡುಗರ ಫೋನಿಗೆ ಅದು ಹೇಳಿದ್ದಲ್ಲ. ಸ್ಟಾಕ್‌ಫಿಶ್ ಕೂಡ 2020ರಿಂದ ಉದಾಹರಣೆಗಳಿಂದ ಕಲಿಯುವ ಒಂದು ಸಣ್ಣ ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡಿದೆ. ಅದಾದ ಮೇಲೆ ಸ್ಥಾನದ ತೂಕ ಅಳೆಯುವುದರಲ್ಲಿ ಬಹಳ ಸುಧಾರಿಸಿತು.

ಫೋನಿನಲ್ಲಿ ಇಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂದು ಅನುಮಾನವೇ? 1997ರಲ್ಲಿ ವಿಶ್ವಚಾಂಪಿಯನ್ ಕಾಸ್ಪರೋವ್‌ರನ್ನು 3.5–2.5ರಿಂದ ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಾನ ನೋಡುತ್ತಿತ್ತು. ನಿಮ್ಮ ಫೋನು ಅದರ ಸಣ್ಣ ಪಾಲನ್ನಷ್ಟೇ ನೋಡುತ್ತದೆ, ಆದರೂ ಅದಕ್ಕಿಂತ ಬಹಳ ಗಟ್ಟಿ. ಯಾವುದನ್ನು ನೋಡಬೇಕಿಲ್ಲ ಎಂಬುದು ಇಂದಿನ ಎಂಜಿನ್‌ಗಳಿಗೆ ಚೆನ್ನಾಗಿ ಗೊತ್ತು.

ಪ್ಲಸ್ 1.3 ಅಂತ ತೋರಸ್ತೈತಿ. ಹಂಗಂದ್ರ?

ಬಿಳಿ ಮೇಲುಗೈ. ಮೈನಸ್ ಇದ್ದರೆ ಕಪ್ಪು. ಪ್ಲಸ್ 1 ಅಂದರೆ ಒಂದು ಪ್ಯಾದೆಯಷ್ಟು ಲಾಭ ಎಂದು ಹಿಂದಿನವರು ಹೇಳುತ್ತಿದ್ದರು. ಈಗ ಅದು ಪೂರ್ತಿ ನಿಜವಲ್ಲ. 2022ರ ಕೊನೆಗೆ ಬಂದ ಸ್ಟಾಕ್‌ಫಿಶ್ 15.1ರಿಂದ ಈ ಅಂಕಿಯನ್ನು ಗೆಲುವಿನ ಸಂಭವಕ್ಕೆ ಹೊಂದಿಸಿದ್ದಾರೆ: ಎಂಜಿನ್ ಎಂಜಿನ್ನಿನ ಮೇಲೆ ಆಡಿದರೆ ಪ್ಲಸ್ 1 ಇದ್ದ ಕಡೆ ಗೆಲ್ಲುವ ಸಂಭವ ಅರ್ಧಕ್ಕರ್ಧ. ಎಂಜಿನ್ ಆಡಿದರೆ ಎಂಬುದನ್ನು ಮರೆಯಬೇಡಿ. ನಮ್ಮ ಹತ್ತು ವರ್ಷದ ಹುಡುಗನಿಗೆ ಪ್ಲಸ್ 1.3 ಅಂದರೆ ಏನೂ ಅಲ್ಲ, ಮುಂದಿನ ನಡೆಗೇ ಕುದುರೆ ಕೊಟ್ಟು ಕೂರುತ್ತಾನೆ.

ಡೆಪ್ತ್ 20, ಡೆಪ್ತ್ 30 ಅಂತ ಏರ್ಕೋತ ಹೋಗ್ತೈತಿ. ಎಲ್ಲಿ ನಿಲ್ಲಸಬೇಕು?

ಡೆಪ್ತ್ 20 ಅಂದರೆ ಎರಡೂ ಕಡೆಯ ನಡೆ ಎಣಿಸಿ ಇಪ್ಪತ್ತು, ಅಂದರೆ ಆಟದ ಲೆಕ್ಕದಲ್ಲಿ ಹತ್ತು ನಡೆ. ಕೆಲವು ಸಾಲುಗಳನ್ನು ಅದಕ್ಕಿಂತ ಆಳವಾಗಿ, ಕೆಲವನ್ನು ಮೇಲುಮೇಲಾಗಿ ನೋಡಿರುತ್ತದೆ. ಹೊಡೆದಾಟದ ಸ್ಥಾನದಲ್ಲಿ 20–25 ಸಾಕು. ಮೊದಲ ನಡೆ ಬದಲಾಗುತ್ತಲೇ ಇದ್ದರೆ ಇನ್ನೊಂದು ನಿಮಿಷ ಬಿಡಿ. ಅದಕ್ಕೂ ಮೀರಿ ಕಾಯುವುದು ಹಾಲು ಉಕ್ಕುವುದನ್ನು ನೋಡುತ್ತ ನಿಂತಂತೆ.

ಆಟ ಮುಗದ ತಕ್ಷಣ ಎಂಜಿನ್ ಹಚ್ಚಬಹುದೇನ್ರಿ?

ಹಚ್ಚಬೇಡಿ. ನನ್ನ ಜಗಳವೆಲ್ಲ ಇದೊಂದರ ಮೇಲೆಯೇ.

ಹುಡುಗ ಸೋತು ಬರುತ್ತಾನೆ, ತಂದೆ ಗಾಡಿ ಹತ್ತುವ ಮೊದಲೇ ಆಟವನ್ನು ಫೋನಿಗೆ ಹಾಕುತ್ತಾರೆ, 23ನೇ ನಡೆಯಲ್ಲಿ ಎಂಜಿನ್ ಅಂಕಿಯ ಗ್ರಾಫ್ ಕುಸಿದಿದೆ, ‘ನೋಡು, ಇಲ್ಲಿ ಆನೆ ಡಿ1ಕ್ಕೆ ಇಡಬೇಕಿತ್ತು’ ಅನ್ನುತ್ತಾರೆ. ಹುಡುಗ ಹೂಂ ಅನ್ನುತ್ತಾನೆ. ಇಬ್ಬರಿಗೂ ಏನೂ ತಿಳಿದಿರುವುದಿಲ್ಲ. ಆನೆ ಡಿ1 ಸರಿ ಎಂದು ಎಂಜಿನ್ ಹೇಳಬಲ್ಲದು. ಆ ಹೊತ್ತಿಗೆ ಹುಡುಗ ಯಾಕೆ ಅದನ್ನು ನೋಡಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಿರುವುದು ಹುಡುಗನಿಗೆ ಮಾತ್ರ, ಅದೂ ಸಂಜೆಯವರೆಗೆ. ಮರುದಿನ ಅವನಿಗೂ ಮರೆತಿರುತ್ತದೆ.

ನಾವು ಮಾಡುವುದು ಹೀಗೆ. ಉದ್ದ ನೋಟ್‌ಬುಕ್ ಇದೆ. ಎಡ ಪುಟ ಹುಡುಗನದು, ಬಲ ಪುಟ ಎಂಜಿನ್ನಿನದು. ಎಡ ಪುಟ ತುಂಬುವವರೆಗೆ ಫೋನು ಮುಟ್ಟುವಂತಿಲ್ಲ. ಆಟವನ್ನು ಮರದ ಹಲಗೆಯ ಮೇಲೆ ಮತ್ತೆ ಆಡಿ, ತನಗೆ ಕಷ್ಟವೆನಿಸಿದ ಮೂರು ಕಡೆ ನಿಲ್ಲಬೇಕು. ಅಲ್ಲಿ ಬರೆಯಬೇಕು: ನಾನು ಯಾವ ಯಾವ ನಡೆ ಯೋಚಿಸಿದೆ, ಎದುರಿನವ ಏನು ಮಾಡುತ್ತಾನೆಂದು ಹೆದರಿದೆ, ಗಡಿಯಾರದಲ್ಲಿ ಎಷ್ಟು ನಿಮಿಷ ಉಳಿದಿತ್ತು. ಇಷ್ಟೇ. ಶುದ್ಧ ಕನ್ನಡವೇನೂ ಬೇಕಿಲ್ಲ. ಹೋದ ವರ್ಷ ಒಬ್ಬಳು ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ಇಲ್ಲೆ ಕುದುರಿ ಹೊಡೀಬೇಕಂತ ಅನಸ್ತು, ಆದ್ರ ಅವ ಭಾಳ ಧೈರ್ಯದಿಂದ ಇಟ್ಟಿದ್ದ, ಏನೋ ಐತಿ ಅಂತ ಬಿಟ್ಟೆ.’

ಆ ಕುದುರೆ ಪುಕ್ಕಟೆ ಸಿಕ್ಕಿತ್ತು, ಏನೂ ಇರಲಿಲ್ಲ. ಅವಳಿಗೆ ಕಲಿಸಬೇಕಾದದ್ದು ಕುದುರೆ ಹೊಡೆಯುವುದನ್ನಲ್ಲ, ಎದುರಿನವನ ಮುಖ ನೋಡದಿರುವುದನ್ನು. ಇದನ್ನು ಯಾವ ಎಂಜಿನ್ ಬಲ ಪುಟದಲ್ಲಿ ಬರೆದೀತು?

ಆಮೇಲೆ ಎಂಜಿನ್. ಒಂದೇ ಸಾಲು ತೋರಿಸುವಂತೆ ಇಡಬೇಡಿ, ಮೂರು ಸಾಲು ಇಡಿ, ಸೆಟ್ಟಿಂಗಿನಲ್ಲಿ ಇರುತ್ತದೆ. ಮೊದಲನೆಯದು 0.6, ಎರಡನೆಯದು 0.5, ಮೂರನೆಯದು 0.5 ಇದ್ದರೆ ಯಾವುದು ಆಡಿದರೂ ನಡೆಯುತ್ತಿತ್ತು, ಅಲ್ಲಿ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಮೊದಲನೆಯದು 2.1, ಎರಡನೆಯದು ಮೈನಸ್ 0.4 ಇದ್ದರೆ ಒಂದೇ ದಾರಿಯಿತ್ತು ಎಂದರ್ಥ, ಅಲ್ಲಿ ಕೂಡಬೇಕು.

ಎಂಜಿನ್ ಹೇಳಿದ ನಡೆ ಅರ್ಥವಾಗದಿದ್ದರೆ ಅದಕ್ಕೆ ಎದುರು ವಾದ ಮಾಡಿ. ‘ಆ ಪ್ಯಾದೆ ಬಿಟ್ಟಿದ್ದಾನಲ್ಲ, ನಾನು ಹೊಡೆದರೆ?’ ಎಂದು ಹಲಗೆಯ ಮೇಲೆ ಹೊಡೆದೇ ನೋಡಿ. ಉತ್ತರ ಕೊಡುತ್ತದೆ. ಅದಕ್ಕೂ ಒಪ್ಪದಿದ್ದರೆ ಇನ್ನೊಂದು. ಮೂರು ನಾಲ್ಕು ಸುತ್ತಿನಲ್ಲಿ ಸಾಮಾನ್ಯವಾಗಿ ಗುಟ್ಟು ಹೊರಬೀಳುತ್ತದೆ: ಎಲ್ಲೋ ಒಂದು ಒಂಟೆ ಕಟ್ಟಿಹೋಗಿರುತ್ತದೆ, ಎಲ್ಲೋ ಹಿಂದಿನ ಸಾಲಿನಲ್ಲಿ ರಾಜನಿಗೆ ಮನೆ ಇರುವುದಿಲ್ಲ. ಅದನ್ನು ಹುಡುಗ ತನ್ನ ಮಾತಿನಲ್ಲಿ ಬಲ ಪುಟದಲ್ಲಿ ಬರೆಯಬೇಕು. ಅಂಕಿ ಬರೆಯುವಂತಿಲ್ಲ.

ಮಗನ ಸ್ಕೋರ್‌ಶೀಟ್ ಓದ್ಲಿಕ್ಕೇ ಬರೂದಿಲ್ರಿ. ಆಟ ಹಾಕೂದು ಹ್ಯಾಂಗ?

ನಕಲು ಪ್ರತಿಯಲ್ಲಿ ಸಿ ಮತ್ತು ಇ, 1 ಮತ್ತು 7 ಒಂದೇ ಥರ ಕಾಣುತ್ತವೆ. ಆ್ಯಪಿನಲ್ಲಿ ನಡೆ ಹಾಕುತ್ತ ಹೋಗಿ. ಆಗದ ನಡೆಯನ್ನು ಅದು ಒಪ್ಪುವುದಿಲ್ಲ, ಆಗ ತಪ್ಪು ಅಲ್ಲೇ ಅಥವಾ ಒಂದೆರಡು ನಡೆ ಹಿಂದೆ ಇರುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವುದು ಒಂದೇ ಮನೆಗೆ ಎರಡು ಕುದುರೆ ಹೋಗಬಹುದಾದಾಗ ಯಾವ ಕುದುರೆ ಎಂದು ಬರೆಯದಿರುವುದರಿಂದ. ಎದುರಾಳಿಯ ಹಾಳೆಯ ಫೋಟೊ ಅಂದೇ ತೆಗೆದುಕೊಂಡರೆ ಅರ್ಧ ಕೆಲಸ ಹಗುರ.

ಕನ್ನಡ ಶಾಲೆಯ ಹುಡುಗ ಕುದುರೆಗೆ ‘ಕು’, ಒಂಟೆಗೆ ‘ಒಂ’ ಎಂದು ಬರೆದರೆ ತಪ್ಪಲ್ಲ. ತಮ್ಮ ದೇಶದಲ್ಲಿ ಬಳಕೆಯಲ್ಲಿರುವ ಹೆಸರಿನ ಮೊದಲ ಅಕ್ಷರ ಬರೆಯಲು ಜಾಗತಿಕ ಚೆಸ್ ಸಂಸ್ಥೆ ಫಿಡೆಯ ನಿಯಮವೇ ಬಿಡುತ್ತದೆ. ಆದರೆ ಆಟವನ್ನು ಪಿಜಿಎನ್ ಎಂಬ, ನಡೆಗಳನ್ನು ಬರೆದಿಡುವ ಕಡತವಾಗಿ ಉಳಿಸುವಾಗ ಆ್ಯಪ್ ಇಂಗ್ಲಿಷ್ ಅಕ್ಷರವನ್ನೇ ಕೇಳುತ್ತದೆ. ಹಲಗೆಯ ಮೇಲೆ ಬೆರಳಿಂದ ಸರಿಸಿದರೆ ಆ ತಾಪತ್ರಯವೂ ಇಲ್ಲ.

ಇಡೀ ಆಟ ಇಲ್ಲ, ಒಂದು ಸ್ಥಾನದ ಫೋಟೊ ಮಾತ್ರ ಐತಿ. ಆಗ್ತೈತೇನು?

ಆಗುತ್ತದೆ, ಆದರೆ ಮೂರು ವಿಷಯ ಫೋಟೊದಲ್ಲಿ ಕಾಣುವುದಿಲ್ಲ: ಯಾರ ಪಾಳಿ, ಕೋಟೆ ಕಟ್ಟುವ ಹಕ್ಕು ಉಳಿದಿದೆಯೇ, ಹಿಂದಿನ ನಡೆ ಪ್ಯಾದೆಯ ಎರಡು ಮನೆಯ ಜಿಗಿತವೇ (ಹಾಗಿದ್ದರೆ ಪಕ್ಕದ ಎದುರಾಳಿ ಪ್ಯಾದೆ ಅದನ್ನು ಹೊಡೆಯಬಹುದು). ಹಾವೇರಿಯ ಹುಡುಗನೊಬ್ಬ ರಾತ್ರಿ ಹತ್ತಕ್ಕೆ ಫೋನ್ ಮಾಡಿ, ‘ಸರ, ಎರಡು ನಡೆದಾಗ ಮೇಟ್ ಇತ್ತಂತ, ನಾ ಡ್ರಾ ಮಾಡ್ಕೊಂಡು ಬಂದೆ’ ಎಂದು ಅಳುವ ದನಿಯಲ್ಲಿ ಹೇಳಿದ. ಸ್ಥಾನ ತರಿಸಿಕೊಂಡು ನೋಡಿದರೆ ಪಾಳಿ ಕಪ್ಪಿನದು, ಅವನು ಬಿಳಿ ಎಂದು ಇಟ್ಟಿದ್ದ. ಕಪ್ಪಿನ ಪಾಳಿ ಇಟ್ಟ ಕೂಡಲೇ 0.00, ಅಂದರೆ ಸಮಬಲ. ಊಟ ಮಾಡಿ ಮಲಗು ಅಂದೆ.

ಹಲಗೆ ತಿರುಗಾಮುರುಗಾ ಆಗಿದೆಯೇ ಎಂದೂ ನೋಡಿಕೊಳ್ಳಿ. ಬಿಳಿಯವನ ಬಲಗೈ ಮೂಲೆಯ ಮನೆ ಬಿಳಿಯದೇ ಇರಬೇಕು.

ನಾ ಹಿಂದ ಆಡಿದ್ದ ಆಟ ಭಾರಿ ಛಲೋ ಇತ್ತು ಅನ್ಕೊಂಡಿದ್ದೆ, ಎಂಜಿನ್ ಹೊಲಸು ಅಂತೈತಿ.

ನನ್ನದೂ ಅದೇ ಕಥೆ. 1994ರ ಒಂದು ಆಟ, ಮೂವತ್ತು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಒಂಟೆಯಿಂದ ಎಚ್7 ಪ್ಯಾದೆ ಹೊಡೆದು ಶಹ ಕೊಟ್ಟೆ, ರಾಜ ಹೊಡೆದ, ಕುದುರೆ ಜಿ5ಕ್ಕೆ ಜಿಗಿದು ಮತ್ತೆ ಶಹ, ರಾಜ ಜಿ8ಕ್ಕೆ ಹಿಂದೆ ಸರಿದ, ನನ್ನ ಮಂತ್ರಿ ಎಚ್5ಕ್ಕೆ. ಎದುರಿನವರು ಗಾಬರಿಯಾಗಿ ಆನೆಯನ್ನು ಇ8ಕ್ಕೆ ಸರಿಸಿದರು. ಎಫ್7 ಹೊಡೆದು ಐದಾರು ನಡೆಯಲ್ಲಿ ಮುಗಿಸಿದೆ. ಅಂದು ಗೆಳೆಯರಿಗೆ ಲೈನ್ ಬಜಾರಿನಲ್ಲಿ ಪೇಢಾ ಕೊಡಿಸಿದ್ದೆ.

ಎಂಜಿನ್ನಿಗೆ ಹಾಕಿದೆ. ಮಂತ್ರಿ ಎಚ್5ಕ್ಕೆ ಬಂದಾಗ ಅದು ಕಪ್ಪಿಗೆ ಹೇಳಿದ್ದು ಒಂದೇ ಮಾತು: ಸಿ8ರ ಒಂಟೆ ಎಫ್5ಕ್ಕೆ. ಅಲ್ಲಿಂದ ಎಚ್7 ಮನೆ ಕಾದಂತಾಯಿತು, ಮೇಟ್ ಇಲ್ಲ, ನಾನು ಒಂದು ಒಂಟೆ ಕಳೆದುಕೊಂಡು ಕೂತಿದ್ದೇನೆ. ಆ ದಾರಿ ಪೂರ್ತಿ ಖಾಲಿ ಇತ್ತು. ನನಗೂ ಕಾಣಲಿಲ್ಲ, ಅವರಿಗೂ ಕಾಣಲಿಲ್ಲ, ಸುತ್ತ ನಿಂತು ನೋಡಿದವರಿಗೂ ಕಾಣಲಿಲ್ಲ.

ಹಾಗಾದರೆ ಅದು ಕೆಟ್ಟ ಆಟವೇ? ನನ್ನ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಅವರಿಗೆ 4 ನಿಮಿಷ’ ಎಂದಿದೆ. ಅದನ್ನು ನೋಡಿಯೇ ನಾನು ಒಂಟೆ ಕೊಟ್ಟದ್ದು. ಎಂಜಿನ್ನಿಗೆ ಆ ಪೆನ್ಸಿಲ್ ಬರಹ ಕಾಣದು. ಬಲಿದಾನ ತಪ್ಪು, ಜೂಜು ಸರಿ ಎಂದು ನನ್ನ ತೀರ್ಪು. ಪೇಢಾದ ದುಡ್ಡು ವಾಪಸ್ ಕೇಳುವವರು ಕೇಳಬಹುದು.

ದೊಡ್ಡ ಆಟಗಾರರ ಹಳೇ ಆಟನೂ ಹಿಂಗ ಪರೀಕ್ಷೆ ಮಾಡಬಹುದೇನು?

ಮಾಡಲೇಬೇಕು, ಬಲು ಮಜಾ. 1999ರಲ್ಲಿ ನೆದರ್ಲೆಂಡ್ಸಿನ ವೈಕ್ ಆನ್ ಝೀಯಲ್ಲಿ ಕಾಸ್ಪರೋವ್ ಟೊಪಲೋವ್ ಮೇಲೆ 24ನೇ ನಡೆಗೆ ಆನೆಯಿಂದ ಡಿ4 ಹೊಡೆದದ್ದನ್ನು ಜಗತ್ತೇ ಕೊಂಡಾಡಿತು. ಎಂಜಿನ್ ಹಚ್ಚಿದರೆ, ಟೊಪಲೋವ್ ಆ ಆನೆಯನ್ನು ಹೊಡೆಯದೆ ರಾಜನನ್ನು ಬಿ6ಕ್ಕೆ ಇಟ್ಟಿದ್ದರೆ ತಾಳಿಕೊಳ್ಳುತ್ತಿದ್ದರು ಎಂದು ತೋರಿಸುತ್ತದೆ. ಹೊಡೆದ ಮೇಲೆ ಮಾತ್ರ ಕಾಸ್ಪರೋವ್ ರಾಜನನ್ನು ಅಟ್ಟಿಸಿಕೊಂಡು ಹೋದ ರೀತಿ ಎಂಜಿನ್ನನ್ನೂ ತಲೆದೂಗಿಸುವಂಥದು.

ಉಲ್ಟಾ ಉದಾಹರಣೆಯೂ ಇದೆ. 1998ರ ಲಿನಾರೆಸ್, ಅದೇ ಟೊಪಲೋವ್, ಎದುರಿಗೆ ಶಿರೋವ್. ಎರಡೂ ಕಡೆ ಬೇರೆ ಬೇರೆ ಬಣ್ಣದ ಮನೆಗಳ ಮೇಲೆ ಓಡುವ ಒಂಟೆ, ಡ್ರಾ ಆಗುವ ಲಕ್ಷಣ. ಶಿರೋವ್ ತನ್ನ ಒಂಟೆಯನ್ನು ಎಚ್3ಕ್ಕೆ, ಪ್ಯಾದೆಯ ಬಾಯಿಗೇ ಇಟ್ಟರು. ತಮ್ಮ ರಾಜನಿಗೆ ದಾರಿ ಮಾಡಿಕೊಳ್ಳಲು ಒಂದೇ ಒಂದು ನಡೆಯ ಸಮಯ ಬೇಕಿತ್ತು, ಅದಕ್ಕೆ ಒಂಟೆಯನ್ನೇ ತೆತ್ತರು. ಅಂದಿನ ಎಂಜಿನ್‌ಗಳಿಗೆ ಅದು ಹೊಳೆಯುತ್ತಿರಲಿಲ್ಲ. ಈ ಸ್ಥಾನವನ್ನು ನಮ್ಮ ಹುಡುಗರಿಗೆ ಕೊಟ್ಟು, ಒಂದು ವಾರ ಫೋನು ಮುಟ್ಟಬಾರದು ಎಂದು ಆಣೆ ಹಾಕಿಸುತ್ತೇನೆ. ಆಣೆ ಮುರಿದವರು ಮರುವಾರ ಮುಖದ ಮೇಲೇ ಗೊತ್ತಾಗುತ್ತಾರೆ.

ಎಂಜಿನ್ ತಪ್ಪೂದೇ ಇಲ್ಲೇನ್ರಿ?

ತಪ್ಪುತ್ತದೆ, ಅಪರೂಪಕ್ಕೆ. ಪ್ಯಾದೆಗಳೆಲ್ಲ ತಲೆಗೆ ತಲೆ ಕೊಟ್ಟು ನಿಂತು ಒಳನುಗ್ಗಲು ದಾರಿಯೇ ಇಲ್ಲದ ಸ್ಥಾನದಲ್ಲಿ ಪ್ಲಸ್ 2 ಎನ್ನುತ್ತಿರಬಹುದು. ಮೂವತ್ತು ನಡೆ ಮುಂದೆ ಆಡಿಸಿ ನೋಡಿ, ಇನ್ನೂ ಪ್ಲಸ್ 2. ಅಂಕಿ ಏರುವುದೂ ಇಲ್ಲ, ಕಾಯಿ ಮುಂದೆ ಹೋಗುವುದೂ ಇಲ್ಲ ಎಂದರೆ ಕೋಟೆ ಬಾಗಿಲು ಮುಚ್ಚಿದೆ ಎಂದೇ ತಿಳಿಯಬೇಕು.

ಕೊನೆಯಾಟದಲ್ಲಿ ಅನುಮಾನವೇ ಬೇಡ ಎಂಬ ವ್ಯವಸ್ಥೆ ಇದೆ: ಟೇಬಲ್‌ಬೇಸ್. ರಾಜರೂ ಸೇರಿ ಹಲಗೆಯ ಮೇಲೆ ಏಳು ಕಾಯಿ ಉಳಿದರೆ ಗೆಲುವೋ ಡ್ರಾವೋ ಎಂದು ಪೂರ್ತಿ ಲೆಕ್ಕ ಹಾಕಿಟ್ಟಿದ್ದಾರೆ. ಸಿಝಿಜಿ ಎಂಬ ಕಡತದ ಏಳು ಕಾಯಿಯ ಭಾಗ 2018ರಲ್ಲಿ ಮುಗಿಯಿತು, ಸುಮಾರು 17 ಟೆರಾಬೈಟ್. ಐದು ಕಾಯಿಯವರೆಗಿನದು ಒಂದು ಜಿಬಿಯೊಳಗೆ ಮುಗಿಯುತ್ತದೆ. ಇಳಿಸಿಕೊಳ್ಳುವುದು ಬೇಡ, ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಆ ಸ್ಥಾನ ಇಟ್ಟರೆ ಅದೇ ತೋರಿಸುತ್ತದೆ. 549 ನಡೆ ಬೇಕಾಗುವ ಮೇಟ್ ಕೂಡ ಇಂಥ ಲೆಕ್ಕದಲ್ಲೇ ಸಿಕ್ಕಿದ್ದು. ಯಾವ ಮನುಷ್ಯನೂ ಅದನ್ನು ಆಡಿ ತೋರಿಸಲಾರ, ಕಾಯಿ ಹೊಡೆಯದೆ, ಪ್ಯಾದೆ ಸರಿಸದೆ 50 ನಡೆ ಕಳೆದರೆ ಡ್ರಾ ಎಂಬ ನಿಯಮ ಅಡ್ಡ ಬರುತ್ತದೆ.

‘ಬ್ಲಂಡರ್’ (ಭಾರಿ ತಪ್ಪು) ಅಂತ ಕೆಂಪಗ ಬರ್ತೈತಿ, ಮಗಳು ಅಳ್ತಾಳ.

ಮೊದಲು ಅವಳಿಗೆ ಇದನ್ನು ತೋರಿಸಿ. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಸ್ ಎಂಬ ಎಂಜಿನ್ ಎದುರು ಆಡುತ್ತಿದ್ದ ವಿಶ್ವಚಾಂಪಿಯನ್ ಕ್ರಾಮ್ನಿಕ್, ಒಂದೇ ನಡೆಯ ಮೇಟ್ ನೋಡದೆ ಮಂತ್ರಿಯನ್ನು ಇ3ಕ್ಕೆ ಇಟ್ಟರು. ಎಚ್7ರಲ್ಲಿ ಮೇಟ್. ಆಮೇಲೆ 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಶಿಪ್ಪಿನ ಹದಿನಾಲ್ಕನೇ ಆಟ, ಚಾಂಪಿಯನ್ ಡಿಂಗ್ ಎದುರು ನಮ್ಮ ಗುಕೇಶ್. ಗುಕೇಶ್‌ಗೆ ಒಂದು ಪ್ಯಾದೆ ಹೆಚ್ಚಿದ್ದರೂ ಡ್ರಾ ಕಡೆಗೇ ಸಾಗಿದ್ದ ಸ್ಥಾನ. ಡಿಂಗ್ 55ನೇ ನಡೆಗೆ ಆನೆಯನ್ನು ಎಫ್2ಕ್ಕೆ ತಂದರು. ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಗುಕೇಶ್ ಆನೆ ಬದಲಿಸಿ ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರೆ ಮೂಲೆಯ ಒಂಟೆ ತಪ್ಪಿಸಿಕೊಳ್ಳುವಂತಿಲ್ಲ. ಅದೂ ಬದಲಾಗಿ ಬರೀ ರಾಜ-ಪ್ಯಾದೆಗಳ ಆಟ, ಅದು ಸೋಲು. ಎಂಜಿನ್ ನೋಡುತ್ತಿದ್ದ ಮನೆಮಂದಿಗೆಲ್ಲ ಒಂದೇ ಕ್ಷಣಕ್ಕೆ ಗೊತ್ತಾಯಿತು. ಎದುರಿಗೇ ಕೂತ ಗುಕೇಶ್‌ಗೆ ಹೊಳೆಯಲು ಕೆಲ ಕ್ಷಣ ಬೇಕಾಯಿತು.

ಎರಡನೆಯದಾಗಿ, ಆ ಕೆಂಪು ಬಣ್ಣವನ್ನೂ ಪೂರ್ತಿ ನಂಬಬೇಡಿ. ಒಂದು ಆನೆ ಹೆಚ್ಚಿದ್ದಾಗ ಮಂತ್ರಿ ಬದಲಿಸಿಕೊಂಡರೆ ಅಂಕಿ 9ರಿಂದ 5ಕ್ಕೆ ಇಳಿಯಬಹುದು. ಮನುಷ್ಯನಿಗೆ ಅದು ಜಾಣತನ, ಎದುರಿನವನ ಕೊನೆಯ ಹಲ್ಲು ಕಿತ್ತಂತೆ.

ಶೇಕಡಾ 92 ಅಕ್ಯುರಸಿ ಬಂದೈತಿ. ಛಲೋ ಅಲ್ಲೇನು?

ನಿಮ್ಮ ನಡೆಗಳು ಎಂಜಿನ್ನಿನ ನಡೆಗಳಿಗೆ ಎಷ್ಟು ಹತ್ತಿರ ಎಂಬುದರ ಅಳತೆ ಅದು. ಎದುರಿನವ ಹತ್ತನೇ ನಡೆಗೆ ಮಂತ್ರಿ ಕೊಟ್ಟಿದ್ದರೆ ನನಗೂ 92 ಬರುತ್ತದೆ.

ಓಪನಿಂಗ್ ಎಂಜಿನ್ನಿಂದ ಬಾಯಿಪಾಠ ಮಾಡಿಸಬಹುದೇ?

ಚಿಕ್ಕವರಿಗೆ ಬೇಡ. ಆದರೆ ಆಡಿದ ಆಟದಲ್ಲಿ ಏಟು ತಿಂದ ಕಡೆ ಮಾತ್ರ ನೋಡಿಸಿ, ಅದು ಮರೆಯುವುದಿಲ್ಲ. ನಮ್ಮ ಕಡೆ ಹುಡುಗರೆಲ್ಲ ಬಿಳಿ ಹಿಡಿದರೆ ಒಂಟೆ ಸಿ4ಕ್ಕೆ, ಕುದುರೆ ಜಿ5ಕ್ಕೆ ತಂದು ಎಫ್7 ಮೇಲೆ ಕಣ್ಣು ಹಾಕುತ್ತಾರೆ. ಕಪ್ಪು ಡಿ5 ನೂಕಿ, ಬಿಳಿ ಹೊಡೆದ ಮೇಲೆ, ಕಪ್ಪು ಮರಳಿ ಕುದುರೆಯಿಂದ ಹೊಡೆಯುವುದು ಸಹಜವೆನಿಸುತ್ತದೆ. ಅಲ್ಲೇ ಸಿಕ್ಕಿಬೀಳುವುದು: ಬಿಳಿ ಕುದುರೆ ಎಫ್7ಕ್ಕೆ ಹಾರಿ ರಾಜನನ್ನು ಬಯಲಿಗೆಳೆಯುತ್ತದೆ. ಹೊಡೆಯದೆ ಸಿ6ರ ಕುದುರೆಯನ್ನು ಎ5ಕ್ಕೆ ಇಟ್ಟು ಒಂಟೆಯನ್ನು ಕೆಣಕಬೇಕು. ಒಂದು ಪ್ಯಾದೆ ಹೋಗುತ್ತದೆ, ಆದರೆ ಆಟ ಉಳಿಯುತ್ತದೆ.

ಟೂರ್ನಮೆಂಟಿನ್ಯಾಗ ಫೋನ್ ಕಿಸೆದಾಗ ಇದ್ರ ಏನಾಗ್ತೈತಿ?

ಆಟ ಹೋಯಿತು. ಸ್ವಿಚ್ ಆಫ್ ಆಗಿತ್ತು ಎಂದರೂ ಕೇಳುವುದಿಲ್ಲ. ಫೋನನ್ನು ಅಪ್ಪನ ಹತ್ತಿರ ಬಿಟ್ಟು ಒಳಗೆ ಹೋಗಬೇಕು. ಆನ್‌ಲೈನಿನಲ್ಲಿ ನಡೆಯುತ್ತಿರುವ ಆಟಕ್ಕೆ ಎಂಜಿನ್ ಹಚ್ಚಿದರೆ ಖಾತೆಯೇ ಬಂದ್.

ನಮ್ಮ ಅಜ್ಜ ಆಡತಿದ್ದ ದೇಸಿ ಆಟ ಎಂಜಿನ್ನಿಗೆ ತಿಳೀತೈತೇನು?

ಸ್ಟಾಕ್‌ಫಿಶ್‌ಗೆ ತಿಳಿಯದು. ಅಜ್ಜಂದಿರ ಆಟದಲ್ಲಿ ಪ್ಯಾದೆಗೆ ಮೊದಲ ಸಲ ಎರಡು ಮನೆ ಇಲ್ಲ, ರಾಜನಿಗೆ ಶಹ ಬೀಳುವ ಮೊದಲು ಒಮ್ಮೆ ಕುದುರೆಯಂತೆ ಜಿಗಿಯುವ ಹಕ್ಕು ಇತ್ತು. ಫೇರಿ ಸ್ಟಾಕ್‌ಫಿಶ್ ಎಂಬ ಬೇರೆ ಎಂಜಿನ್‌ಗೆ ಹೊಸ ನಿಯಮ ಬರೆದುಕೊಡಬಹುದು. ಪ್ರಯತ್ನಿಸಿದವರಿದ್ದರೆ ಭಾನುವಾರ ಬನ್ನಿ, ಚಹಾ ನನ್ನದು.

ಫೋನು ಕಾದು ಹಂಚ ಆಗ್ತೈತಿ. ಬಸ್ಸಿನ್ಯಾಗ ಅನಾಲಿಸಿಸ್ ಮಾಡಬಹುದಾ?

ಎಂಜಿನ್ ಫೋನಿನ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ, ಕಾಯದೆ ಇನ್ನೇನು. ಸೆಟ್ಟಿಂಗಿನಲ್ಲಿ ಥ್ರೆಡ್ ಒಂದೋ ಎರಡೋ ಇಡಿ, ಉತ್ತರ ಸಿಕ್ಕ ಕೂಡಲೇ ನಿಲ್ಲಿಸಿ. ಎಂಜಿನ್ ಫೋನಿನಲ್ಲೇ ಇದ್ದರೆ ನೆಟ್ ಕೂಡ ಬೇಕಿಲ್ಲ.

ಬಸ್ಸಿನಲ್ಲಿ ಎಡ ಪುಟ ಬರೆಯುವುದೇ ಒಳ್ಳೆಯದು, ಆಟ ಇನ್ನೂ ಬಿಸಿ ಇರುತ್ತದೆ. ಆದರೆ ಕಿಟಕಿ ಕಡೆ ಒಮ್ಮೊಮ್ಮೆ ನೋಡುತ್ತಿರಿ. ಹೋದ ತಿಂಗಳು ನಮ್ಮ ಹುಡುಗನೊಬ್ಬ ಇಲ್ಲಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ ಹತ್ತಿ, ತನ್ನ ಆನೆ ಯಾಕೆ ಸತ್ತಿತೆಂದು ಬರೆಯುತ್ತ ಕೂತವನು ಉಣಕಲ್ ಕೆರೆಯನ್ನೂ ನೋಡಲಿಲ್ಲ, ಇಳಿಯಬೇಕಿದ್ದ ವಿದ್ಯಾನಗರವನ್ನೂ ನೋಡಲಿಲ್ಲ. ಹೊಸೂರಿನಿಂದ ಫೋನ್ ಮಾಡಿದ: ‘ಸರ, ಆನೆದ ಕಾರಣ ಸಿಕ್ತು. ಅಪ್ಪಗ ಸ್ವಲ್ಪ ಹೇಳ್ರಿ, ತಡಾ ಆಗ್ತೈತಂತ.’